ಅಪ್ಪನ ತೋಳಿನ ಅಂಚು

ಹೊಳೆ ದಂಡೆಯ ಆ ಆಶ್ರಮದಲ್ಲಿ ಮಾಸಿದ, ಹರಿದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಡುವುದೇ ಕಾಯಕ. ಕಲಿಸುವವರು ಗುರು ಮರುಳಯ್ಯ. ಕಲಿಯುವವನು ಶಂಭುಲಿಂಗ.

ಒಂದು ದಿನ ಹೊನ್ನಮ್ಮ ಎಂಬಾಕೆ ಮಗಳು ಕಸ್ತೂರಿಯನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಎರಡು ಫೋಟೋ. ಒಂದರಲ್ಲಿ ಬಿಳಿ ಅಂಗಿ ತೊಟ್ಟ ಯುವಕ. ಇನ್ನೊಂದರಲ್ಲಿ ಹಸಿರು ಸೀರೆ ಉಟ್ಟ ಕಸ್ತೂರಿ.

"ಇವಳು ಹೊಟ್ಟೇಲಿದ್ದಾಗಲೇ ಇವರಪ್ಪ ಹೋಗ್ಬಿಟ್ರು ಬುದ್ಧಿ," ಎಂದಳು ಹೊನ್ನಮ್ಮ. "ಈಗ ಇವಳ ಮದುವೆ. ಅಪ್ಪ ಮಗಳು ಒಂದೇ ಫೋಟೋದಲ್ಲಿ ಇರೋ ಹಾಗೆ ಮಾಡಿಕೊಡಿ."

ಗುರುಗಳು ಫೋಟೋಗಳನ್ನು ಶಂಭುಲಿಂಗನ ಕೈಗೆ ಕೊಟ್ಟರು.

ಅವನು ಯುವಕನ ಸುತ್ತ ಗೆರೆ ಎಳೆದ. ಕತ್ತರಿಸಿ ತೆಗೆದ. ಮಗಳ ಪಕ್ಕ ತಂದು ನಿಲ್ಲಿಸಿದ. ತೋಳಿನ ಅಂಚು ಗರಗಸದ ಹಲ್ಲಿನಂತೆ ಕಂಡಿತು.

ಹಲ್ಲುಗಳನ್ನು ಒಂದೊಂದಾಗಿ ಸವರಿದ. ತೋಳು ಬಡಕಲಾಯಿತು.

ಮತ್ತೆ ಮೊದಲಿಂದ ಕತ್ತರಿಸಿ, ಅಂಚನ್ನು ಬ್ಲರ್ ಮಾಡಿದ. ಅಪ್ಪ ಹೊಗೆಯೊಳಗೆ ನಿಂತಂತಾದ.

ಬಿಡದೆ ಕೂತು ತಿದ್ದಿದ. ಕೊನೆಗೆ ಅಂಚು ಬೆಣ್ಣೆಯಷ್ಟು ನುಣುಪಾಯಿತು. ಹೆಮ್ಮೆಯಿಂದ ತಾಯಿ ಮಗಳನ್ನು ಕರೆದು ತೋರಿಸಿದ.

ಕಸ್ತೂರಿ ಬಗ್ಗಿ ನೋಡಿದಳು.

"ಅಪ್ಪ ನನ್ನ ಪಕ್ಕ ನಿಂತ ಹಾಗಿಲ್ಲ ಅಣ್ಣಾ. ತಂದು ಅಂಟಿಸಿದ ಹಾಗಿದೆ."

"ಸುಮ್ನಿರೇ, ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ," ಎಂದಳು ಹೊನ್ನಮ್ಮ. ಆದರೆ ಅವಳೂ ಮತ್ತೊಮ್ಮೆ ಚಿತ್ರದ ಕಡೆ ನೋಡಲಿಲ್ಲ.

ಶಂಭುಲಿಂಗನ ಮುಖ ಸಪ್ಪಗಾಯಿತು. ನೇರ ಗುರುಗಳ ಬಳಿ ಹೋದ.

"ಗುರುಗಳೇ, ಅಂಚಿನಲ್ಲಿ ಒಂದು ಹಲ್ಲೂ ಉಳಿದಿಲ್ಲ. ಇನ್ನೇನನ್ನು ಸವರಲಿ?"

ಗುರುಗಳು ಚಿತ್ರವನ್ನು ನೋಡಲಿಲ್ಲ. "ಬಾ," ಎಂದು ಎದ್ದರು.

ದಂಡೆಯ ಮೇಲೆ ಯಾರೋ ಒಗೆದು ಹರವಿದ ಹಳದಿ ಸೀರೆ ಹಗ್ಗದ ಮೇಲೆ ಒಣಗುತ್ತಿತ್ತು. ಬಿಸಿಲು ಚೆನ್ನಾಗಿತ್ತು.

"ಅದರ ಪಕ್ಕ ನಿಲ್ಲು. ಮುಟ್ಟಬೇಡ."

ಶಂಭುಲಿಂಗ ನಿಂತ.

"ನಿನ್ನ ತೋಳು ನೋಡಿಕೋ."

ಅವನ ಬಿಳಿ ಅಂಗಿಯ ತೋಳಿನ ಮೇಲೆ ತೆಳುವಾಗಿ ಹಳದಿ ಹರಡಿತ್ತು.

"ಕೊಡವು."

ಕೊಡವಿದ. ಅದು ಹೋಗಲಿಲ್ಲ.

"ಇದು ಸೀರೆಯಿಂದ ಬಂದ ಬೆಳಕು ಗುರುಗಳೇ. ಕೊಡವಿದರೆ ಹೇಗೆ ಹೋದೀತು?"

"ಸರಿ. ಆ ಅಪ್ಪ ಯಾರ ಪಕ್ಕ ನಿಂತಿದ್ದಾರೆ?"

ಶಂಭುಲಿಂಗ ಒಳಗೆ ಓಡಿದ.

ಅಂಚಿನ ಒಂದೊಂದು ಬಣ್ಣದ ಚುಕ್ಕಿಯನ್ನೂ ಅವನು ಅಪ್ಪನದು ಎಂದೋ, ಅಲ್ಲ ಎಂದೋ ತೀರ್ಮಾನಿಸಿ ಕತ್ತರಿಸಿದ್ದ. ಈಗ ಆ ಚುಕ್ಕಿಗಳನ್ನು ಇಬ್ಬರಿಗೂ ಬಿಟ್ಟುಕೊಟ್ಟ. ಅಂಗಿಯ ಬಿಳಿಯೂ ಸ್ವಲ್ಪ, ಸೀರೆಯ ಹಸಿರೂ ಸ್ವಲ್ಪ. ಅಪ್ಪನ ತೋಳಿಗೆ ಕಂಡೂ ಕಾಣದಷ್ಟು ಹಸಿರು ಬಂತು. ಮಗಳ ತೋಳಿಗೆ ಅಷ್ಟೇ ಬಿಳಿ.

ಈ ಸಲ ಕಸ್ತೂರಿ ಪರದೆಯ ಹತ್ತಿರಕ್ಕೆ ಮುಖ ತಂದು ನೋಡಿದಳು.

"ಅಮ್ಮಾ," ಎಂದಳು ಆಮೇಲೆ, "ಅಪ್ಪ ನನಗಿಂತ ಚಿಕ್ಕೋರ ಹಾಗೆ ಕಾಣ್ತಾರೆ, ಅಲ್ವಾ?"

ಹಾಗೆಂದು ನಕ್ಕಳು. ಹೊನ್ನಮ್ಮನೂ ನಕ್ಕಳು, ಸೆರಗನ್ನು ಕಣ್ಣಿಗೆ ಒತ್ತಿಕೊಂಡು.

ಅವರು ಹೋದ ಮೇಲೂ ಶಂಭುಲಿಂಗ ಪರದೆಯ ಮುಂದೆಯೇ ಕೂತಿದ್ದ.

"ಏನಪ್ಪಾ?" ಎಂದರು ಗುರುಗಳು.

"ನಾನು ಸುಳ್ಳು ಚಿತ್ರ ಮಾಡಿದೆನೇನೋ ಗುರುಗಳೇ. ಅವಳು ಹುಟ್ಟುವ ಮೊದಲೇ ಅವರು ತೀರಿಕೊಂಡರು. ಒಬ್ಬರ ಬೆಳಕು ಒಬ್ಬರ ಮೇಲೆ ಯಾವತ್ತೂ ಬಿದ್ದಿರಲಿಲ್ಲ."

"ಅವಳು ನಗುವಾಗ ನೋಡಿದೆಯಾ?"

"ನೋಡಿದೆ. ಎಡ ಹುಬ್ಬು ಮೇಲೇರುತ್ತದೆ. ಅಪ್ಪನ ಫೋಟೋದಲ್ಲೂ ಹಾಗೇ ಇದೆ."

ಗುರುಗಳು ಅವನ ಮುಖವನ್ನೇ ನೋಡಿದರು.

"ಮತ್ತೆ, ಬೆಳಕು ಬಿದ್ದಿರಲಿಲ್ಲ ಅಂತೀಯಲ್ಲ?"