ತೂಬನ್ನು ತಡೆದ ಮಾಳಿಂಗ

“ಅಣೆಕಟ್ಟಿನ ಬಾಗಿಲು ನಡೆಸುವ ಕಂಪ್ಯೂಟರಿನ ಪೀಡೆ ಬಿಡಿಸಬಲ್ಲೆ ಎನ್ನುವವರು ಮೊದಲು ಅರಸರ ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಯಂತ್ರಶಾಲೆಯ ಒಡೆತನ, ಬೇಡಿದ್ದೊಂದು ವರ. ಸೋತವರಿಗೆ ತಲೆದಂಡ” ಎಂದು ಹೊನ್ನಹೊಳೆಯ ಬೀದಿಬೀದಿಗಳಲ್ಲಿ ಡಂಗುರ ಸಾರಿದರು.

ಆ ಕಂಪ್ಯೂಟರು ಪ್ರತಿ ಸೋಮವಾರ ಹೊಸ ತಂತ್ರಾಂಶಗಳನ್ನು ತಾನೇ ತರಿಸಿಕೊಂಡು ತುಂಬಿಕೊಳ್ಳುತ್ತಿತ್ತು. ಅವುಗಳಲ್ಲಿ ಬಾಗಿಲು ತೆರೆದು ಮುಚ್ಚುವ ‘ತೂಬು’ ಎಂಬ ಪ್ಯಾಕೇಜಿನ ಹೊಸ ಆವೃತ್ತಿ ಕೆಟ್ಟದ್ದು. ಅದು ಬಂದ ದಿನವೇ ಬಾಗಿಲುಗಳು ಹೇಳದೆ ಕೇಳದೆ ತೆರೆದುಕೊಂಡವು. ಹಳೆಯದನ್ನು ಮತ್ತೆ ಕೂರಿಸಿದರೂ ಮುಂದಿನ ಸೋಮವಾರ ಕೆಟ್ಟದ್ದೇ ಬಂದು ಕೂತಿತು. ಆ ಸಲ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಏಳು ಜನ ಕೊಚ್ಚಿಹೋದರು. ಬಾಗಿಲುಗಳಿಗೆ ಗ್ರೀಸು ಹಚ್ಚುವ ಮಾಳಿಂಗನ ಅಕ್ಕ ಅವರಲ್ಲೊಬ್ಬಳು. ಮೊದಲ ಸಲವೇ ಮಾಳಿಂಗ ಪರದೆಯ ಮೇಲೆ ತೂಬಿನ ಹೆಸರು ಓದಿಕೊಂಡು, ಕಂಪ್ಯೂಟರು ನೋಡಿಕೊಳ್ಳುವ ಯಂತ್ರಶಾಲೆಗೆ ಓಡಿ ಹೇಳಿದ್ದ. ಗ್ರೀಸಿನ ಕೈಯವನಿಗೆ ಇದೆಲ್ಲ ಯಾಕೆಂದು ಅಲ್ಲಿನವರು ಅವನನ್ನು ಹೊರಗೆ ದಬ್ಬಿದ್ದರು.

ಅರಮನೆಯಲ್ಲಿ ಅರಸ ಮೊದಲ ಒಗಟು ಕೇಳಿದ: “ಊರಿಗೆ ಒಳ್ಳೆಯದು ಮಾಡುವವರ ಗುಂಪಿನಲ್ಲೇ ಬಂದು ಊರನ್ನು ಕೊಲ್ಲುವವನು ಯಾರು?” ಆಸ್ಥಾನ ಪಂಡಿತ ಪರದೇಶದ ಕಳ್ಳನೆಂದ. ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಸೇನಾಪತಿಯ ಮಗ ಅದು ತೂಬು ಎಂದು ಸರಿಯಾಗಿಯೇ ಹೇಳಿದ.

“ಹೆಬ್ಬಾಗಿಲು ಮುಚ್ಚಿದರೂ ಊರು ಕೆಡುತ್ತದೆ, ತೆರೆದಿಟ್ಟರೂ ಕೆಡುತ್ತದೆ. ಊರು ಉಳಿಯುವುದು ಹೇಗೆ?” ಎಂಬ ಎರಡನೆಯದಕ್ಕೆ ಅವನು ಹೊಸ ತಂತ್ರಾಂಶಗಳನ್ನೆಲ್ಲ ನಿಲ್ಲಿಸಬೇಕೆಂದ. ಹಿಂದೆ ಹಾಗೆ ನಿಲ್ಲಿಸಿದ ವರ್ಷವೇ ಕಳ್ಳರು ಹಳೆಯ ತಂತ್ರಾಂಶದ ಬಿರುಕುಗಳಲ್ಲಿ ನುಗ್ಗಿ ಖಜಾನೆ ದೋಚಿದ್ದರೆಂದು ಅರಸ ಗುಡುಗಿದ. ಅವನೂ ಸೆರೆ ಸೇರಿದ.

ಆಗ ಮಾಳಿಂಗ ಮುಂದೆ ಬಂದ. ಕೈ ಮುಗಿಯಲಿಲ್ಲ. ಮೊದಲನೆಯದರ ಉತ್ತರ ತೂಬು ಎಂದ. ಎರಡನೆಯದಕ್ಕೆ ಸಿಟ್ಟಿನಿಂದ ದನಿ ಏರಿಸಿದ. “ಹೆಬ್ಬಾಗಿಲು ತೆರೆದೇ ಇರಲಿ ಬುದ್ಧಿ. ಒಬ್ಬನ ಹೆಸರು ಬರೆದು, ಇವನೊಬ್ಬನನ್ನು ಬಿಡಬೇಡ ಎಂದು ಕಾವಲಿಗೆ ಹೇಳಿ. ಉಳಿದವು ಬರಲಿ, ತೂಬು ಮಾತ್ರ ಹಳೆಯದೇ ಇರಲಿ. ಕಂಪ್ಯೂಟರಿನಲ್ಲಿ ಅಂಥ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಏಳು ಜನ ಬದುಕುತ್ತಿದ್ದರು.”

ಅರಸ ಮೆಲ್ಲಗೆ ಮೂರನೆಯದನ್ನು ಕೇಳಿದ: “ಹಾಗೆ ಹೊರಗೆ ನಿಲ್ಲಿಸಿದವನನ್ನು ಮರೆತರೆ ಕೇಡು ಯಾರಿಗೆ?”

“ನಿಲ್ಲಿಸಿದವರಿಗೇ. ಅವನು ತಿದ್ದಿಕೊಂಡು ಬಂದರೂ ಒಳಗೆ ಬರಲಾರ, ಹಳೆಯದು ಒಳಗೇ ಕೊಳೆಯುತ್ತದೆ. ಅದಕ್ಕೇ ತಡೆದವರ ಪಟ್ಟಿಯನ್ನು ವಾರವಾರವೂ ಓದಬೇಕು.”

ಮೂರೂ ಸರಿಯೆಂದು ಅರಸ ವರ ಬೇಡಲು ಹೇಳಿದ. ಸೆರೆಯಲ್ಲಿರುವ ಇಬ್ಬರನ್ನು ಬಿಡಬೇಕೆಂದ ಮಾಳಿಂಗ. “ಅವರು ಒಗಟು ಸೋತರು, ಅಷ್ಟೇ. ಇನ್ನು ಈ ಊರಲ್ಲಿ ಹೆಣ ಬೀಳುವುದು ಬೇಡ.”

ಇಬ್ಬರೂ ಬಿಡುಗಡೆಯಾದರು. ಮಾಳಿಂಗ ಯಂತ್ರಶಾಲೆಯ ಒಡೆಯನಾಗಿ ಮೊದಲು ಆ ಒಂದು ಸಾಲು ಬರೆದ. ಸೋಮವಾರ ಉಳಿದೆಲ್ಲ ಹೊಸದಾಯಿತು, ಬಾಗಿಲುಗಳು ಅಲುಗಲಿಲ್ಲ. ಮೂರು ತಿಂಗಳಿಗೆ ತಿದ್ದಿದ ತೂಬು ಬಂತು. ನೀರಿಲ್ಲದ ಕಾಲುವೆಯ ಬಾಗಿಲಲ್ಲಿ ಪರೀಕ್ಷಿಸಿ, ಆಮೇಲೆಯೇ ಪಟ್ಟಿಯಿಂದ ಅದರ ಹೆಸರು ಅಳಿಸಿದ.

ಅದನ್ನು ನೋಡಲು ಬಂದ ಅರಸ ಕೇಳಿದ: “ಈಗಲಾದರೂ ಸಿಟ್ಟು ಇಳಿಯಿತೇ?”

“ಇಲ್ಲ ಬುದ್ಧಿ” ಎಂದು ಮಾಳಿಂಗ ತನ್ನ ಕೆಲಸಕ್ಕೆ ತಿರುಗಿದ.