ಗಂಟೆಹೋತದ ಕಳ್ಳ

ಮರಳುಗಾಡಿನ ಅಂಚಿನಲ್ಲಿ ಒಂದು ಬತ್ತಿದ ಹೊಳೆ. ಹೆಸರಿಗೆ ಹೊಳೆ, ಇದ್ದದ್ದು ಬರೀ ಮರಳು.

ಅದರ ದಂಡೆಯ ಮೇಲೆ ಭೈರುನಾಥರ ಆಶ್ರಮ. ಆಶ್ರಮವೆಂದರೂ ಅಷ್ಟೇ, ಎರಡು ಮಣ್ಣಿನ ಗುಡಿಸಲು ಮತ್ತು ಒಂದು ಬನ್ನಿಮರ.

ಆಷಾಢ ಬಂತೆಂದರೆ ಶಿಷ್ಯ ಹರಜಿ ದಿಣ್ಣೆಯೇರಿ ಕೂರುತ್ತಿದ್ದ. ಮೋಡ ನೋಡುವುದು ಗುರುಗಳು ಅವನಿಗೆ ಹಚ್ಚಿಕೊಟ್ಟ ಸಾಧನೆ. ಯಾವ ಮೋಡ ಗುಡುಗಿ ಸುಮ್ಮನಾಗುತ್ತದೆ, ಯಾವುದು ಸುರಿಯುತ್ತದೆ ಎಂದು ಅವನು ಹೇಳಿದರೆ ತಪ್ಪುತ್ತಿರಲಿಲ್ಲ.

ಮೇಕೆ ಕಾಯುವವರು ಅವನಿಗೆ ‘ಮೋಡದ ಸ್ವಾಮಿ’ ಎಂದೇ ಹೆಸರಿಟ್ಟಿದ್ದರು. ಹಾಗೆಲ್ಲ ಕರೆಯಬೇಡಿ ಎನ್ನುತ್ತಿದ್ದ ಹರಜಿ. ಕರೆಯದೆ ಹೋದರೆ ಮುಖ ಊದಿಸಿಕೊಳ್ಳುತ್ತಿದ್ದ.

ಗುರುಗಳು ಮಾತ್ರ ದಿನವೂ ಬೇರೇನನ್ನೋ ಕೇಳುತ್ತಿದ್ದರು.

“ಒರತೆ ನೀರು ಹೇಗಿದೆ?”

ಒರತೆಯೆಂದರೆ ಹೊಳೆಯ ಮರಳಿನಲ್ಲಿ ತೋಡಿದ ಗುಂಡಿ. ಆಶ್ರಮಕ್ಕೆ ಕುಡಿಯುವ ನೀರು ಅಲ್ಲಿಂದಲೇ.

“ಇದ್ದ ಹಾಗೇ ಇದೆ, ಗುರುಗಳೇ.”

ಆಕಾಶ ನೋಡು ಎಂದು ಕೂರಿಸಿ ಗುಂಡಿಯ ಸುದ್ದಿ ಕೇಳುತ್ತಾರಲ್ಲ, ವಯಸ್ಸಾಯಿತು ಪಾಪ, ಎಂದು ಹರಜಿ ಒಳಗೊಳಗೇ ನಗುತ್ತಿದ್ದ.

ಒಂದು ಮಧ್ಯಾಹ್ನ ಖೇತಾ ಎಂಬ ಮೇಕೆಗಾರ ಮಂದೆ ಹೊಡೆದುಕೊಂಡು ಬಂದ. ಜೊತೆಗೆ ಹೆಂಡತಿ ಧಾಪು, ಅವಳ ಸೊಂಟದ ಮೇಲೊಂದು ಕೂಸು, ಹಿಂದೆ ಕೋಲೂರಿಕೊಂಡು ಅವನ ಮುದಿ ತಾಯಿ.

“ಮೋಡದ ಸ್ವಾಮೀ, ಬೆಳಗಿನ ಜಾವದಿಂದ ನಡೆದು ಕಾಲು ಬಿದ್ದುಹೋಗಿವೆ. ಹೊಳೆಯೊಳಗೆ ದಂಡೆಯ ನೆರಳಿದೆ, ಮರಳೂ ತಂಪು. ಮಲಗಬಹುದಾ? ಮಳೆಗಿಳೆ ಏನಾದ್ರೂ...”

ಹರಜಿ ತಲೆಯೆತ್ತಿದ. ಹಿಂಜಿದ ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ.

“ನಿಶ್ಚಿಂತೆಯಿಂದ ಮಲಗಿ. ಇವತ್ತು ಇಲ್ಲಿ ಒಂದು ಹನಿ ಬಿದ್ದರೆ ನನ್ನ ಹೆಸರು ಬದಲಾಯಿಸಿ.”

ಮೋಡದ ಸ್ವಾಮಿಯೇ ಹೇಳಿದ ಮೇಲೆ ಇನ್ನೇನು. ಮಂದೆ ಹೊಳೆಗಿಳಿಯಿತು. ಮಂದೆಯ ಮುಂದೆ ನಡೆಯುವ ಗಂಟೆಹೋತವನ್ನು ಒಂದು ಗೂಟಕ್ಕೆ ಕಟ್ಟಿ, ಕಂಬಳಿ ಹಾಸಿ, ಎಲ್ಲರೂ ಅಡ್ಡಾದರು.

ಹರಜಿ ಒರತೆಗೆ ಹೋಗಿ ಕೊಡ ತುಂಬಿಕೊಂಡು ಬಂದ. ಭೈರುನಾಥರು ಕೊಡದೊಳಗೆ ಇಣುಕಿದರು.

“ನೀರು ಕೆಂಪಗಿದೆಯಲ್ಲ?”

“ಮೇಕೆಗಳು ತುಳಿದಿರಬೇಕು.”

“ಮಟ್ಟ?”

“ಗೇಣುದ್ದ ಮೇಲೆ ಬಂದಿದೆ. ಕೊಡ ಬೇಗ ತುಂಬಿತು, ಒಳ್ಳೆಯದೇ ಆಯ್ತು.”

ಗುರುಗಳು ಕಣ್ಣಿಗೆ ಕೈ ಅಡ್ಡ ಹಿಡಿದು ಪೂರ್ವದ ಕಡೆ ನೋಡಿದರು. ಒಂದು ದಿನದ ದಾರಿಯಾಚೆ ಅಲ್ಲೊಂದು ನೀಲಿ ಗುಡ್ಡ ಕಾಣುತ್ತಿತ್ತು, ಯಾವಾಗಲೂ.

“ಗುಡ್ಡ ಎಲ್ಲಿ, ಹರಜಿ?”

ಹರಜಿಯೂ ನೋಡಿದ. ಗುಡ್ಡವಿದ್ದ ಕಡೆ ಒಂದು ಬೂದುಗೆರೆ ಇತ್ತು.

“ಬಿಸಿಲ ಮಬ್ಬು, ಗುರುಗಳೇ.”

ಗುರುಗಳು ದಂಡೆಗೆ ಓಡಿದರು. “ಏಯ್ ಖೇತಾ! ಏಳ್ರೋ! ಮಳೆ ನೀರು ಬರ್ತಿದೆ, ಮೇಲೆ ಹತ್ತಿ!”

ಖೇತಾ ಒಂದು ಕಣ್ಣು ತೆರೆದು ಆಕಾಶ ನೋಡಿದ. “ನಿಮ್ಮ ಶಿಷ್ಯರೇ ಇಲ್ಲ ಅಂದಿದಾರೆ ಬಾಬಾ. ಒಂದು ಗಳಿಗೆ ಕಣ್ಣು ಮುಚ್ಚೋಕೆ ಬಿಡಿ.” ಮಗ್ಗುಲು ಬದಲಿಸಿದ.

“ಹರಜಿ, ನೀನು ಹೇಳು. ನಿನ್ನ ಮಾತು ಕೇಳ್ತಾರೆ.”

“ಏನಂತ ಹೇಳಲಿ?”

“ಮಳೆ ಬಂತು ಅಂತ.”

“ಆಕಾಶ ತೊಳೆದಿಟ್ಟ ಹಾಗಿದೆಯಲ್ಲ ಗುರುಗಳೇ! ಸುಳ್ಳು ಹೇಳಬಾರದು ಅಂತ ವ್ರತ ಕೊಟ್ಟವರು ನೀವೇ.”

ಭೈರುನಾಥರು ಅವನ ಮುಖವನ್ನೊಮ್ಮೆ ನೋಡಿದರು. ಹೊಳೆಗಿಳಿದು ಹೋದರು.

ಮಲಗಿದ್ದವರನ್ನು ದಾಟಿ ಹೋಗಿ ಗಂಟೆಹೋತದ ಹಗ್ಗ ಬಿಚ್ಚಿದರು. ಕೊಂಬು ಹಿಡಿದು ಎಳೆದುಕೊಂಡು ದಂಡೆ ಹತ್ತತೊಡಗಿದರು.

ಗಂಟೆ ಹೋದತ್ತ ಮಂದೆ ಹೋಗಬೇಕು, ಅದು ಮೇಕೆಗಳ ಧರ್ಮ. ಒಂದೊಂದಾಗಿ ಎದ್ದು ಅವರ ಹಿಂದೆ ನಡೆದವು. ಹುಟ್ಟಿದಂದಿನಿಂದ ಆ ಗಂಟೆ ಕೇಳಿ ಅಭ್ಯಾಸವಾದ ಮೇಕೆಗಾರರು ಗೊರಕೆ ಹೊಡೆಯುತ್ತಲೇ ಇದ್ದರು.

ಹರಜಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಬೇರೆಯವರ ಮರದಡಿ ಉದುರಿದ ಬನ್ನಿಕಾಯಿಯನ್ನೂ ಮುಟ್ಟದ ಗುರು! ಹಾಡಹಗಲಲ್ಲಿ, ಬಡವರ ಮಂದೆಯನ್ನೇ ಹೊಡೆದುಕೊಂಡು ಹೋಗುತ್ತಿದ್ದಾರೆ!

ಬಾಯಿ ತಾನಾಗಿ ಕೂಗಿತು.

“ಕಳ್ಳ! ಕಳ್ಳ! ಖೇತಾ, ನಿನ್ನ ಮೇಕೆ ಹೋದವು! ಕಳ್ಳ!”

ಖೇತಾ ಚಿಮ್ಮಿ ಎದ್ದ. ಧಾಪು ಕೂಸನ್ನು ಬಾಚಿಕೊಂಡು ಓಡಿದಳು. ಮುದುಕಿ ಕೂಡ ಗುರುಗಳ ಏಳು ತಲೆಮಾರನ್ನು ಶಪಿಸುತ್ತಾ, ಕೋಲೂರಿ ದಂಡೆ ಹತ್ತಿಬಿಟ್ಟಳು.

ಬನ್ನಿಮರದ ಹತ್ತಿರ ಗುರುಗಳು ಸಿಕ್ಕಿಬಿದ್ದರು. ಖೇತಾನ ಕೋಲು ಅವರ ಹಣೆಗೆ ಬಿತ್ತು. ರಕ್ತ ಗಡ್ಡಕ್ಕಿಳಿಯಿತು. ಅವರು ಹಗ್ಗ ಮಾತ್ರ ಬಿಡಲಿಲ್ಲ.

ಖೇತಾ ಮತ್ತೆ ಕೋಲೆತ್ತಿದ.

ಆಗ ಆ ಸದ್ದು ಕೇಳಿಸಿತು. ಗುಡುಗಲ್ಲ. ನೆಲದೊಳಗೆ ಯಾರೋ ಬಂಡೆ ಉರುಳಿಸುತ್ತಿರುವ ಹಾಗೆ.

ಹೊಳೆಯ ತಿರುವಿನಲ್ಲಿ ಕೆಂಪು ಗೋಡೆಯೊಂದು ಕಾಣಿಸಿತು. ಮೊದಲು ಅದು ನೀರೆಂದೇ ಯಾರಿಗೂ ತಿಳಿಯಲಿಲ್ಲ. ಮುಳ್ಳುಕಂಟಿ, ಬುಡಮೇಲಾದ ಮರ, ಸತ್ತ ಒಂಟೆಯೊಂದನ್ನು ತಿರುವಿಕೊಂಡು ಅದು ನುಗ್ಗಿ ಬಂತು. ಹಾಸಿದ್ದ ಕಂಬಳಿಗಳು ಹೋದವು. ಗೂಟ ಹೋಯಿತು. ಒರತೆಯಿದ್ದ ಗುರುತೂ ಉಳಿಯಲಿಲ್ಲ.

ಮೇಲೆ ಆಕಾಶ ನೀಲಿಯಾಗಿಯೇ ಇತ್ತು. ಒಂದು ಹನಿಯೂ ಬೀಳಲಿಲ್ಲ.

ಧಾಪು ಕೂಸನ್ನು ಎದೆಗವಚಿಕೊಂಡು ಕುಸಿದು ಕೂತಳು. ಖೇತಾನ ಕೈಯಿಂದ ಕೋಲು ಜಾರಿತು. ಮುದುಕಿಯ ಬೈಗುಳ ಬಾಯಲ್ಲೇ ನಿಂತಿತು.

ಹರಜಿ ತಾನು ‘ಮಲಗಿ’ ಎಂದಿದ್ದ ಜಾಗವನ್ನೇ ನೋಡುತ್ತಿದ್ದ. ಅಲ್ಲಿ ಎರಡಾಳೆತ್ತರದ ನೀರು ಸುಳಿ ತಿರುಗುತ್ತಿತ್ತು.

“ಈ ನೀರು ಎಲ್ಲಿಂದ ಬಂತು, ಗುರುಗಳೇ?”

“ಹೊಳೆ ಹುಟ್ಟೋ ಗುಡ್ಡದಲ್ಲಿ ಸುರೀತು. ಮಳೆ ನಿನ್ನ ತಲೆ ಮೇಲೇ ಬೀಳಬೇಕು ಅಂತ ಏನಿದೆ?”

ಹರಜಿ ಅವರ ಕಾಲಮೇಲೆ ಬಿದ್ದ.

“ನಿಮ್ಮನ್ನ ಕಳ್ಳ ಅಂತ ಕೂಗಿಬಿಟ್ಟೆ.”

“ಕೂಗಿದ್ದು ಒಳ್ಳೇದಾಯ್ತು. ಮಳೆ ಅಂತ ನಾನು ಕೂಗಿದಾಗ ಯಾರೂ ಏಳಲಿಲ್ಲ.”

ಹರಜಿ ತಲೆಯೆತ್ತಿ ಕೇಳಿದ.

“ಗುರುಗಳೇ, ನೀರು ಬರದೇ ಇದ್ದಿದ್ದರೆ?”

ಭೈರುನಾಥರು ಹೋತದ ಹಗ್ಗವನ್ನು ಖೇತಾನ ಕೈಗಿಟ್ಟು, ಹಣೆಯ ರಕ್ತ ಒರೆಸಿಕೊಂಡರು.

“ನಾನು ಕಳ್ಳನಾಗೇ ಉಳೀತಿದ್ದೆ. ನೀನು ಮೋಡದ ಸ್ವಾಮಿಯಾಗೇ ಉಳೀತಿದ್ದೆ.”