ಹೆಸರು ಹೇಳದೆ ಕೇಳಿದ ಪ್ರಶ್ನೆ

ಹೊಳೆಯ ಈಚೆ ದಂಡೆಯ ಮೇಲೆ ನೀಲಾಂಬಿಕೆ ಅಕ್ಕೋರು ಒಬ್ಬರೇ ಇದ್ದರು. ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರ ಕಲಿಸಿ ಕಲಿಸಿ ಕೂದಲು ಬೆಳ್ಳಗಾದ ಮೇಲೆ ಬಂದು ಅಲ್ಲೊಂದು ತಗಡಿನ ಮನೆ ಹಿಡಿದಿದ್ದರು. ಜನ ಅದನ್ನು ನಗಾಡುತ್ತ ಆಶ್ರಮ ಅನ್ನುತ್ತಿದ್ದರು.

ಗಂಡನನ್ನು ಬಿಟ್ಟು ಬಂದವಳು ಅಂತ ಕೆಲವರು, ಗಂಡನೇ ಬಿಟ್ಟ ಅಂತ ಕೆಲವರು. ಮದುವೆಯೇ ಆಗಿರಲಿಲ್ಲ ಅನ್ನುವ ಸಂಗತಿ ಮಾತ್ರ ಯಾರ ನಾಲಿಗೆಗೂ ರುಚಿ ಹತ್ತಲಿಲ್ಲ.

ಎಂ.ಎ. ಓದುವವರು ಅವರ ಹತ್ತಿರ ಬಂದು ಇರುತ್ತಿದ್ದರು. ಜನರ ನಡುವೆ ಹೋಗಿ ಹೇಗೆ ವಿಚಾರಿಸಬೇಕು, ವಿಚಾರಿಸಿದ್ದನ್ನು ಹೇಗೆ ತೂಗಿ ನೋಡಬೇಕು ಅಂತ ಕಲಿಯುತ್ತಿದ್ದರು. ಸಂಶೋಧನಾ ವಿಧಾನ ಅಂತ ಅದಕ್ಕೊಂದು ದೊಡ್ಡ ಹೆಸರು.

ಆ ವರ್ಷ ಬಂದವನು ಇಂದುಧರ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಬಾಯಿಂದ ತಾಯಿ ಹಾಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಆಚೆ ದಂಡೆಯ ಊರಿನ ಸೊಸೆಯಂದಿರ ಬದುಕಿನ ಮೇಲೆ ಅವನು ಪ್ರಬಂಧ ಬರೆಯಬೇಕಿತ್ತು.

“ಅಕ್ಕೋರ, ಒಬ್ಬರು ಹೇಳಿದ್ದು ಖರೇನೋ ಸುಳ್ಳೋ ಹ್ಯಾಂಗ ತಿಳಿಯೋದ್ರಿ?”

ಅಕ್ಕೋರು ಅವರೆಕಾಯಿ ಸುಲಿಯುತ್ತಿದ್ದರು.

“ಒಂದು ಬಾಯಿಂದ ಬಂದದ್ದು ಬರೇ ಮಾತು. ಇನ್ನೊಂದೆರಡು ಕಡೆ ವಿಚಾರಿಸು. ತಾಳ ಕೂಡಿದರ ಬರಕೋ.”

ಇಂದುಧರ ಆ ಮಾತನ್ನು ಗುಳಿಗೆಯಂತೆ ನುಂಗಿದ.

ಅಕ್ಕೋರ ಹರಿಗೋಲನ್ನು ತಾನೇ ನಡೆಸಿಕೊಂಡು ದಿನಾ ಆಚೆ ಹೋದ. ಪ್ರಶ್ನೆ ಸೊಸೆಗೆ ಹಾಕಿದರೆ ಉತ್ತರ ಅತ್ತೆ ಕೊಡುತ್ತಿದ್ದಳು. ಸೊಸೆ ಸೆರಗಿನೊಳಗೇ ತಲೆಯಾಡಿಸುತ್ತಿದ್ದಳು. ಎಲ್ಲಾ ಚಲೋ ಐತಿ, ಏನೂ ಕಡಿಮಿ ಇಲ್ಲ. ಯಾವ ಮನೆಗೆ ಹೋದರೂ ಇದೇ ಹಾಡು.

ಬಾಯಿ ಬಿಟ್ಟವಳು ಕಸ್ತೂರಿ ಒಬ್ಬಳೇ. ಎರಡು ಹೆಣ್ಣುಮಕ್ಕಳ ತಾಯಿ. ಅತ್ತೆ ಬಾಳವ್ವ ಸಂತೆಗೆ ಹೋದ ದಿನ ಅವಳು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಇಂದುಧರ ಕಟ್ಟೆಯ ಮೇಲೆ ಕೂತಿದ್ದ. ಹಾದು ಹೋಗುವವರು ನೋಡಿಕೊಂಡೇ ಹಾದು ಹೋದರು.

“ಅಣ್ಣಾ, ನೀ ಹೊಳಿ ದಾಟಿ ಹೋಗಾಂವ. ಅದಕ್ಕ ನಿನ್ನ ಮುಂದ ಹೇಳತೀನಿ. ಎದಿಯಾಗ ಇಟಗೊಂಡು ಇಟಗೊಂಡು ಸಾಕಾಗೇತಿ.”

“ಹೇಳ್ರಿ ಅಕ್ಕಾ.”

“ಸಣ್ಣಾಕಿನ್ನ ಹಡದಾಗ ತವರಿನ್ಯಾಗ ಆಪರೇಷನ್ ಮಾಡಿಸಿಕೊಂಡೇನಿ. ಇನ್ನ ಮಕ್ಕಳಾಗೂದಿಲ್ಲ. ನಮ್ಮವ್ವಗಷ್ಟ ಗೊತ್ತು.”

“ನಿಮ್ಮ ಯಜಮಾನರಿಗೆ?”

“ಅವರಿಗೆ ಗೊತ್ತಾತಂದ್ರ ಅವರವ್ವಗ ಗೊತ್ತಾದಂಗ. ಅವತ್ತ ನನ್ನ ಹೊರಗ ಹಾಕತಾರ. ಮಕ್ಕಳನ್ನ ಕೊಡೂದಿಲ್ಲ, ಅಣ್ಣಾ.”

ಎಂಥ ಮನೆ ನೋಡಿ! ಮೊಮ್ಮಗ ಬೇಕು ಅಂತ ಅತ್ತೆ ಸೋಮವಾರ ಸೋಮವಾರ ಉಪವಾಸ ಮಾಡಿ ಒಣಗುತ್ತಿದ್ದಳು. ಸಂಜೆ ಆ ಉಪವಾಸ ಬಿಡಿಸಲು ಸಜ್ಜಕ ಮಾಡಿ ಬಡಿಸುತ್ತಿದ್ದವಳು ಈ ಸೊಸೆಯೇ. ಇಂಥ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡರೆ ಯಾರಿಗಾದರೂ ಅನ್ನ ಅರಗುತ್ತದೆಯೇ?

ಇಂದುಧರನಿಗೂ ಅರಗಲಿಲ್ಲ. ನೇರ ಅಕ್ಕೋರ ಹತ್ತಿರ ಹೋಗಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಒಂದು ಬಾಯಿಂದ ಬಂದದ್ದು ಬರೇ ಮಾತು. ಖಾತ್ರಿ ಮಾಡಿಕೊಂಡೇ ಹೋಗಿ ಭೇಷ್ ಅನ್ನಿಸಿಕೊಳ್ಳಬೇಕು ಅಂತ ಅವನಿಗೆ ಆಸೆ.

ಹಿಟ್ಟಿನ ಗಿರಣಿಯ ಮುಂದೆ ಹೆಂಗಸರು ಪಾಳಿ ಕಾಯುತ್ತ ಕೂತಿದ್ದರು. ಅಲ್ಲಿ ನಿಂತು ಕೇಳಿದ. ಬಲು ಹುಷಾರಾಗಿ, ಹೆಸರು ಎತ್ತದೆ.

“ಅವ್ವಾರ, ಎರಡು ಹೆಣ್ಣು ಹಡದು, ಮನಿಯವರಿಗೆ ತಿಳಿಸಲಾರದ ತವರಿನ್ಯಾಗ ಆಪರೇಷನ್ ಮಾಡಿಸಿಕೊಂಡು ಬಂದವರು ಈ ಊರಾಗ ಇರಬಹುದೇನ್ರಿ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಯ್ಯ, ನಮಗೇನು ಗೊತ್ತೋ ಯಪ್ಪಾ.”

ಸೂಲಗಿತ್ತಿ ಫಕೀರವ್ವನ ಮನೆಗೂ ಹೋಗಿ ಅದನ್ನೇ ಕೇಳಿದ. ಆಕೆಯೂ ಗೊತ್ತಿಲ್ಲ ಅಂದಳು. ತಾಳ ಕೂಡಲಿಲ್ಲ ಅಂತ ಮುಖ ಸಣ್ಣದು ಮಾಡಿಕೊಂಡು ಇಂದುಧರ ಹರಿಗೋಲು ಹತ್ತಿದ.

ಹುಚ್ಚು ಖೋಡಿ! ಆ ಊರಲ್ಲಿ ಸುದ್ದಿಯನ್ನು ಯಾರಾದರೂ ಹೇಳುತ್ತಾರೆಯೇ? ಹೇಳಿದವಳು ಪಂಚರ ಮುಂದೆ ಸಿಕ್ಕಿಬೀಳುತ್ತಾಳೆ. ಅಲ್ಲಿ ಬರೇ ಕೇಳುತ್ತಾರೆ. ‘ಹೌದೇನ ಯವ್ವಾ, ಹಿಂಗಂತ, ನಿನಗೇನಾರ ಗೊತ್ತೈತೇನ?’ ಅಂತ ಒಬ್ಬಳು ಇನ್ನೊಬ್ಬಳನ್ನು ಕೇಳುತ್ತಾಳೆ, ಆಕೆ ಮತ್ತೊಬ್ಬಳನ್ನು. ಹಾಗೆ ಕೇಳಿ ಕೇಳಿಯೇ ಎಷ್ಟೋ ಮನೆಯ ಒಲೆಗಳು ಆರಿವೆ. ಪಾಪ, ಯಾರೂ ಏನೂ ಹೇಳಿದವರಲ್ಲ.

ಬೀಸಿದ ಹಿಟ್ಟು ಆರುವುದರೊಳಗೆ ಪ್ರಶ್ನೆ ಬಾಳವ್ವನ ಬಾಗಿಲಿಗೆ ಬಂತು.

ಬಾಳವ್ವ ಕೂಗಾಡಲಿಲ್ಲ. ದೊಡ್ಡ ಮೊಮ್ಮಗಳನ್ನು ತಂದು ಕಸ್ತೂರಿಯ ಮುಂದೆ ನಿಲ್ಲಿಸಿದಳು.

“ಮಗಳ ತಲಿ ಮುಟ್ಟಿ, ಸುಳ್ಳಂತ ಆಣಿ ಮಾಡು. ನಾ ಮತ್ತ ಈ ಮಾತು ತಗಿಯೂದಿಲ್ಲ.”

ಕಸ್ತೂರಿ ಕೈ ಎತ್ತಿದಳು. ಕೈ ಮಗಳ ನೆತ್ತಿಯವರೆಗೆ ಬಂದು ನಿಂತಿತು. ಆಮೇಲೆ ಹಾಗೇ ಕೆಳಗಿಳಿಯಿತು.

ಮರುದಿನ ಬೆಳಿಗ್ಗೆ, ಮೊಲೆ ಕುಡಿಯುವ ಕೂಸನ್ನು ಕಂಕುಳಿಗೆ ಕೊಟ್ಟು ಅವಳನ್ನು ಹೊಳೆ ದಾಟಿಸಿ ತವರಿಗೆ ಅಟ್ಟಿದರು. ದೊಡ್ಡದನ್ನು ಇಟ್ಟುಕೊಂಡರು. ಗಂಡ ಅನ್ನಿಸಿಕೊಂಡವನು ಅಷ್ಟು ಹೊತ್ತೂ ಚಹಾದಂಗಡಿಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಇಳಿಹೊತ್ತಿಗೆ ಅವನ ಎರಡನೇ ಸಂಬಂಧದ ಮಾತೂ ಎದ್ದಿತ್ತು. ಹೆಣ್ಣು ಯಾವ ಊರಿನದು ಅಂತಲೂ ಜನ ಕೇಳುತ್ತಿದ್ದರು.

ಇಂದುಧರನಿಗೆ ಇದು ತಿಳಿದದ್ದು ಹೊಳೆಯಲ್ಲಿ ಬಟ್ಟೆ ಒಗೆಯುವವಳಿಂದ.

“ತಮ್ಮಾ, ಕಸ್ತೂರಿನ್ನ ಮನಿ ಬಿಡಿಸಿದರಂತಲ್ಲ, ನಿನಗೇನಾರ ಗೊತ್ತೈತೇನೋ?”

ಅವನು ಓಡಿಬಂದು ಅಕ್ಕೋರ ಮುಂದೆ ಕುಸಿದು ಕೂತ. ಮೊದಲಿನಿಂದ ಎಲ್ಲ ಹೇಳಿದ.

“ನಾ ಹೆಸರು ಹೇಳಲಿಲ್ರಿ ಅಕ್ಕೋರ! ದೇವರಾಣಿ, ಹೆಸರು ಹೇಳಲಿಲ್ಲ!”

ಅಕ್ಕೋರು ಬೇರೆ ಏನೋ ನೆನಪಾದವರಂತೆ ಅಂದರು.

“ಹೋದ ತಿಂಗಳು ನಿಮ್ಮ ವರ್ಗದ ಹುಡುಗರು ಬಂದಿದ್ದರಲ್ಲ. ಅವರೊಳಗ ಕೊಳಲು ಬಾರಿಸಾಂವ, ಅವನು ಹಾಸ್ಟೆಲಿನ್ಯಾಗ ಗೆಳೆಯರ ಕಿಸೆಯೊಳಗ ಕೈ ಹಾಕತಾನೇನು?”

ಇಂದುಧರ ಅಳು ಮರೆತು ತಲೆ ಎತ್ತಿದ.

“ಯಾರು, ಮಡಿವಾಳಯ್ಯನೇನ್ರಿ? ಅವನು ಕಳವು ಮಾಡತಾನ?”

“ನಾ ಹೆಸರು ಹೇಳಿದೆನೇನು?”

“ಇಲ್ರಿ.”

“ಕಳವು ಮಾಡತಾನಂತ ಹೇಳಿದೆನೇನು?”

“ಇಲ್ಲ... ಕೇಳಿದ್ರಿ.”

“ಈಗ ಇಲ್ಲೇ ಕೂತು ಕಟ್ಟಿದ ಮಾತು ಅದು. ಅಂಥದ್ದೇನೂ ಇಲ್ಲ. ಆದರ ನಾಳೆ ನಿನ್ನ ಗಡಿಯಾರ ಕಳೀತು ಅನ್ನು. ಮೊದಲು ಯಾರ ಮುಖ ಕಣ್ಣ ಮುಂದ ಬರತದ?”

ಇಂದುಧರನ ತಲೆ ಮತ್ತೆ ಕೆಳಗೆ ಹೋಯಿತು.

“ಏಳು, ಹರಿಗೋಲು ಬಿಚ್ಚು” ಅಂದರು ಅಕ್ಕೋರು.

ಬಾಳವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಇವರನ್ನು ಕಂಡರೂ ಮೊರ ನಿಲ್ಲಿಸಲಿಲ್ಲ. ಇಂದುಧರ ಕೈಮುಗಿದ.

“ಯವ್ವಾ, ನಾ ಕೇಳಿದ್ದು ನಿಮ್ಮ ಸೊಸಿ ಬಗ್ಗೆ ಅಲ್ಲ. ಅದು ಪುಸ್ತಕದಾಗಿನ ಪ್ರಶ್ನಿ. ಎಲ್ಲಾ ಊರಾಗೂ ಕೇಳತೀವಿ.”

“ಹಂಗೇನು? ಪುಸ್ತಕದಾಗಿನ ಪ್ರಶ್ನಿಗೆ ನನ್ನ ಸೊಸಿ ಕೈ ಯಾಕ ಕೆಳಗಿಳೀತೋ?”

ಅಕ್ಕೋರು ಒಂದು ಹೆಜ್ಜೆ ಮುಂದೆ ಬಂದರು.

“ಬಾಳವ್ವಾ, ದೊಡ್ಡ ಹುಡುಗಿನ್ನರ ತಾಯಿ ಹತ್ತಿರ ಕಳಸು.”

“ಮಕ್ಕಳಿಲ್ಲ, ಮರಿ ಇಲ್ಲ, ನಿಮಗ್ಯಾಕ ಬೇಕ್ರಿ ಅಕ್ಕೋರ ಈ ಪಂಚಾಯ್ತಿ?” ಮೊರ ನಿಂತಿತು. “ನಿಮ್ಮ ಹುಡುಗ ನಮ್ಮ ಕಟ್ಟಿ ಮ್ಯಾಲ ಕೂತು ಆಕಿನ್ನ ಕೇಳಿದ. ನಾ ಯಾಕ ಉಪಾಸ ಇರತಿದ್ದೆ ಅಂತ ನನ್ನ ಕೇಳಿದನೇನು? ಊರ ಗಿರಣಿಯಾಗ ನಿಂತು ಕೇಳಿದ. ನನ್ನ ಕೇಳಲಿಲ್ಲ.”

ಅಕ್ಕೋರು ಬಾಗಿಲ ಕಡೆ ತಿರುಗಿದರು.

ಹೊಸ್ತಿಲ ಮೇಲೆ ದೊಡ್ಡ ಹುಡುಗಿ ಕೂತಿತ್ತು. ಜಡೆ ಬಿಚ್ಚಿ ಕೂದಲು ಮುಖದ ಮೇಲೆ ಬಿದ್ದಿತ್ತು. ಯಾರೂ ಬಾಚಿರಲಿಲ್ಲ.

ಇಬ್ಬರೂ ಬಂದ ದಾರಿಗೆ ಸುಂಕವಿಲ್ಲದಂತೆ ಹೊಳೆಗೆ ಇಳಿದರು. ಇಂದುಧರ ಹುಟ್ಟು ಹಾಕುತ್ತಿದ್ದ. ನಡುನೀರಿಗೆ ಬಂದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

“ಇನ್ನೊಂದೆರಡು ಕಡೆ ವಿಚಾರಿಸು ಅಂತ ನೀವ ಕಲಿಸಿದ್ರಿ.”

“ಹೌದು. ನಾನ ಕಲಿಸಿದ್ದು.”

ಅಷ್ಟೇ ಅಂದರು. ಹರಿಗೋಲು ಸುಳಿಗೆ ಒಮ್ಮೆ ತಿರುಗಿ ನೆಟ್ಟಗಾಯಿತು.

“ನಾ ಎಂ.ಎ. ಬಿಡತೀನ್ರಿ.”

“ಬಿಡು. ಬಿಟ್ಟರ ಕಸ್ತೂರಿ ಮನಿಗೆ ಬರತಾಳೇನು?”

“ಮತ್ತ ಏನು ಮಾಡಲಿ?”

“ವಾರವಾರ ಆ ಅಂಗಳಕ್ಕ ಹೋಗು. ಆ ಹುಡುಗಿ ಉಂಡಾಳೋ ಇಲ್ಲೋ, ಜಡಿ ಯಾರು ಹಾಕ್ಯಾರ, ಆಡತಾಳೋ ಮೂಲಿ ಹಿಡದು ಕೂತಾಳೋ, ಕಣ್ಣಿಂದ ನೋಡು. ನೋಡಿ, ಕಸ್ತೂರಿ ತವರಿಗೆ ಹೋಗಿ ಕಂಡದ್ದು ಕಂಡಂಗ ಹೇಳಿ ಬಾ.”

“ಬಾಳವ್ವ ಬೈತಾಳ್ರಿ.”

“ಬೈಸಿಕೋ.”

“ಕಸ್ತೂರಿ ಮಾರಿ ಮ್ಯಾಲ ಉಗುಳತಾಳ.”

“ಒರಸಿಕೋ. ಹೇಳಬೇಕಾದ್ದು ಹೇಳಿ ಎದ್ದು ಬಾ. ಏನೂ ಕೇಳಬ್ಯಾಡ.”

“ಎಲ್ಲೀ ತನಕ್ರಿ?”

“ಆ ಹುಡುಗಿ ದೊಡ್ಡಾಕಿ ಆಗಿ, ತಾನ ಹೊಳಿ ದಾಟಿ ಅವ್ವನ ಹತ್ತಿರ ಹೋಗೂ ತನಕ.”

ದಂಡೆ ಹತ್ತಿರ ಬಂತು. ಇಂದುಧರ ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡ.

“ಅಕ್ಕೋರ, ಆಕಿ ಹತ್ತಿರ ಕ್ಷಮಾ ಅಷ್ಟ ಕೇಳಲೇನ್ರಿ?”

ಅಕ್ಕೋರು ನಿರಿಗೆ ಎತ್ತಿ ಹಿಡಿದು ನೀರಿಗೆ ಕಾಲಿಟ್ಟರು.

“ಏನೂ ಕೇಳಬ್ಯಾಡ ಅಂದೆನಲ್ಲೋ.”